ಬದಲಿ, ಬೆಂಚು, ಬಿಡಿಗುತ್ತಿಗೆ: ಠಾಣೆ–ಕಲ್ಯಾಣ ಸೀಮೆಯ ಗಣಕವೃತ್ತಿಯ ಒಂದು ಹಿನ್ನೋಟ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಮರಳಿ ಮರಳಿ ಏಳುವ ಪ್ರಶ್ನೆಯೊಂದುಂಟು. ಗಣಕವಿದ್ಯೆಯನ್ನು ಕಲಿತ ಮಗನೋ ಮಗಳೋ ಕಂಪನಿಯ ತಿಂಗಳ ಸಂಬಳವನ್ನು ಬಿಟ್ಟು, ಯಾರ ನೌಕರಿಯಲ್ಲಿಯೂ ಇರದೆ, ಒಪ್ಪಿಕೊಂಡ ಕೆಲಸವನ್ನು ಮಾಡಿಕೊಟ್ಟು ಬಿಲ್ಲಿನ ಹಣವನ್ನು ಪಡೆಯುವ ಬಿಡಿಗುತ್ತಿಗೆಯ ದಾರಿಯನ್ನು ಹಿಡಿಯುವುದು ಈಗಲೂ ಲೇಸೆ? ‘ಫ್ರೀಲಾನ್ಸ್’ ಎಂಬ ಹೆಸರು ಹೊಸದಾಗಿರುವುದರಿಂದ ಈ ಪ್ರಶ್ನೆಯೂ ಹೊಸದೆಂದು ಹಲವರು ಭಾವಿಸಿದ್ದಾರೆ. ಆದರೆ ಹೆಸರನ್ನು ಕಳಚಿ ನೋಡಿದರೆ ಒಳಗಿರುವುದು ಬಹು ಹಳೆಯ ಪ್ರಶ್ನೆ: ದುಡಿಯುವವನಿಗೆ ಕೆಲಸವಿಲ್ಲದ ತಿಂಗಳು ಬಂದಾಗ ಆ ಬರಿದಾದ ತಿಂಗಳ ಭಾರವನ್ನು ಹೊರುವವರು ಯಾರು? ಉಲ್ಲಾಸ ನದಿಯಿಂದ ಠಾಣೆಯ ಖಾರಿಯವರೆಗಿನ ಈ ಸೀಮೆ ಆ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ.

ಕಲ್ಯಾಣವು ಇಂದು ರೈಲು ಬದಲಿಸುವ ಊರಾಗಿ ಮಾತ್ರ ಬಹುಜನರಿಗೆ ಪರಿಚಿತ. ಕ್ರಿಸ್ತಶಕ ಮೊದಲನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕಗ್ರಂಥದಲ್ಲಿ ಅದು ‘ಕಲ್ಲಿಯೇನ’ ಎಂಬ ರೇವುಪಟ್ಟಣ. ಕನ್ಹೇರಿಯ ಗುಹೆಗಳ ಶಾಸನಗಳಲ್ಲಿ ಕಲ್ಯಾಣದ ನಿವಾಸಿಗಳು ಕೊಟ್ಟ ದಾನಗಳ ಉಲ್ಲೇಖಗಳಿವೆ. ಠಾಣೆಯನ್ನು ಆಳಿದ ಉತ್ತರ ಕೊಂಕಣದ ಶಿಲಾಹಾರರು ರಾಷ್ಟ್ರಕೂಟರ ಮಾಂಡಲಿಕರಾಗಿದ್ದರೆಂಬುದೂ, ಅದೇ ಕನ್ಹೇರಿಯ 9ನೆಯ ಶತಮಾನದ ಶಾಸನಗಳು ಅಮೋಘವರ್ಷನನ್ನು ಸಾರ್ವಭೌಮನೆಂದು ಹೆಸರಿಸುತ್ತವೆಂಬುದೂ ಇಲ್ಲಿನ ಕನ್ನಡಿಗರು ಆಗಾಗ ಅಭಿಮಾನದಿಂದ ನೆನೆಯುವ ಸಂಗತಿಗಳು. ಪ್ರಸ್ತುತ ವಿಷಯಕ್ಕೆ ಅದಕ್ಕಿಂತ ಹತ್ತಿರವಾದುದು ನಾಸಿಕದ ಗುಹೆಯಲ್ಲಿರುವ ಉಷವದಾತನ ಶಾಸನ. ಅವನು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ 3,000 ಕಾರ್ಷಾಪಣಗಳನ್ನು ಶಾಶ್ವತವಾಗಿ ಇರಿಸಿದನು: 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ, 1,000ಕ್ಕೆ ಮುಕ್ಕಾಲಿನಂತೆ ಬಡ್ಡಿ. ಒಬ್ಬ ನೇಕಾರನ ಕೈಯಲ್ಲಿ ಯಾರೂ ಶಾಶ್ವತ ನಿಧಿಯನ್ನು ಇಡುವುದಿಲ್ಲ. ಕೈ ಸೋಲುತ್ತದೆ, ಕಣ್ಣು ಮಂಜಾಗುತ್ತದೆ. ಶ್ರೇಣಿಯ ಕೈಯಲ್ಲಿ ಇಟ್ಟರು. ಶ್ರೇಣಿಯು ತನ್ನ ಸದಸ್ಯನನ್ನು ಕೆಲಸವಿಲ್ಲದ ತಿಂಗಳಲ್ಲಿ ಸಾಕುತ್ತಿತ್ತೆಂದು ಆ ಶಾಸನ ಹೇಳುವುದಿಲ್ಲ, ಹಾಗೆ ಊಹಿಸುವುದು ಅತಿಯಾದೀತು. ಆದರೆ ಸ್ವತಂತ್ರ ಕಸುಬುದಾರನ ಬೆನ್ನಿಗೆ ಅವನಿಗಿಂತ ದೀರ್ಘಾಯುವಾದ ಒಂದು ಕೂಟವಿತ್ತೆಂಬುದು ನಿಸ್ಸಂದೇಹ. ಕನ್ನಡ ನಾಡಿನ ಅಯ್ಯಾವೊಳೆಯ ಐನೂರ್ವರು ವರ್ತಕರಲ್ಲಿ ಅದೇ ತತ್ತ್ವವನ್ನು ಇನ್ನೂ ದೊಡ್ಡ ಹರವಿನಲ್ಲಿ ನಡೆಸಿದರು.

ಈ ವ್ಯವಸ್ಥೆ ತಲೆಕೆಳಗಾದುದು ಗಿರಣಿಗಳ ಯುಗದಲ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಬಂದ ರೈಲು ಮರುವರ್ಷವೇ ಕಲ್ಯಾಣವನ್ನು ಮುಟ್ಟಿತು. ಮುಂಬಯಿಯ ಕೈಗೆ ಒಳನಾಡಿನ ದುಡಿಮೆ ಎಟುಕಿತು. ಗಿರಣಿಯ ಬಾಗಿಲಲ್ಲಿ ದಿನವೂ ಬೆಳಗ್ಗೆ, ಯಾರಾದರೂ ಕೆಲಸಕ್ಕೆ ಬಾರದಿದ್ದರೆ ಆ ದಿನದ ಜಾಗ ತನಗೆ ಸಿಕ್ಕೀತೆಂದು ಕಾದು ನಿಲ್ಲುವ ಕಾರ್ಮಿಕನಿಗೆ ‘ಬದಲಿ’ ಎಂಬ ಹೆಸರಾಯಿತು. ಕೆಲಸ ದೊರೆತರೆ ಕೂಲಿ, ಇಲ್ಲವಾದರೆ ಬಂದ ದಾರಿ. ಅವನನ್ನು ಆರಿಸುವವನು ಗಿರಣಿಯ ಯಜಮಾನನಲ್ಲ, ಜಾಬರನೆಂಬ ಮುಕಾದಮನು. ಅವನಿಗೆ ದಸ್ತೂರಿ ಸಲ್ಲಬೇಕು. 1931ರಲ್ಲಿ ವರದಿಯನ್ನೊಪ್ಪಿಸಿದ ರಾಯಲ್ ಕಮಿಷನ್ ಈ ಜಾಬರ ಪದ್ಧತಿಯನ್ನು ಕಟುವಾಗಿ ಟೀಕಿಸಿತು. 1935ರಲ್ಲಿ ಗಿರಣಿ ಮಾಲೀಕರ ಸಂಘವು ಬದಲಿಗಳಿಗೆ ಚೀಟಿಗಳನ್ನು ಕೊಟ್ಟು, ಚೀಟಿಯಿದ್ದವರಲ್ಲಿಯೇ ದಿನದ ಜಾಗಗಳನ್ನು ತುಂಬುವ ಯೋಜನೆಯನ್ನು ತಂದಿತು. ಕೆಲಸವಿಲ್ಲದ ದಿನದ ಹೊರೆ ಮಾತ್ರ ಬದಲಿಯ ಬೆನ್ನಿನಿಂದ ಇಳಿಯಲಿಲ್ಲ. ಬದಲಿಯು ಸ್ವತಂತ್ರನೆ? ಒಂದರ್ಥದಲ್ಲಿ ಹೌದು. ಅವನನ್ನು ಕಟ್ಟಿಹಾಕಿದವರಿಲ್ಲ, ನಾಳೆ ಬರುವೆನೆಂದು ಅವನು ಯಾರಿಗೂ ಮಾತು ಕೊಟ್ಟಿಲ್ಲ. ಹೀಗೆ ಸ್ವಾತಂತ್ರ್ಯವೂ ನಿರಾಶ್ರಯವೂ ಒಂದೇ ವೇಷದಲ್ಲಿ ಬರುವುದುಂಟೆಂಬುದನ್ನು ಗಣಕವೃತ್ತಿಯ ಚರಿತ್ರೆಗೆ ಕಾಲಿಡುವ ಮುನ್ನ ಮನಸ್ಸಿನಲ್ಲಿಡಬೇಕಾಗಿದೆ.

ಮುಂಬಯಿಗೆ ಬಂದ ಕರಾವಳಿಯ ಕನ್ನಡಿಗರು ಮತ್ತು ತುಳುವರು ಗಿರಣಿಗಿಂತ ಹೆಚ್ಚಾಗಿ ಹೋಟೆಲನ್ನು ನೆಚ್ಚಿದರು. ಅಲ್ಲಿಯೂ ಗುತ್ತಿಗೆಯ ಒಂದು ರೂಪವಿತ್ತು. ಲೈಸೆನ್ಸು ಒಬ್ಬನದು, ಗಲ್ಲೆಯ ಮೇಲೆ ಕೂತವನು ಇನ್ನೊಬ್ಬ. ತಿಂಗಳಿಗೆ ಗೊತ್ತಾದ ಮೊತ್ತವನ್ನು ಒಡೆಯನಿಗೆ ಸಲ್ಲಿಸಿ ಉಳಿದುದನ್ನು ತನ್ನದೆನ್ನುವ ಈ ಕ್ರಮವನ್ನು ಹೋಟೆಲಿನವರು ಇಂದಿಗೂ ‘ಕಂಡಕ್ಟಿಂಗ್’ ಎನ್ನುತ್ತಾರೆ. ಮಳೆಗಾಲದಲ್ಲಿ ಗಿರಾಕಿ ಬರಲಿ ಬಾರದಿರಲಿ, ಒಡೆಯನ ಮೊತ್ತ ತಪ್ಪದು. ಇದೇ ಕಾಲದಲ್ಲಿ ಕೆನರಾದಿಂದ ಬಂದ ಚಿತ್ರಾಪುರ ಸಾರಸ್ವತರಲ್ಲಿ ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಅಲ್ಪವೇತನದ ಗುಮಾಸ್ತರಿಗೆ ಕಷ್ಟದ ತಿಂಗಳಲ್ಲಿ ಸಾಹುಕಾರನ ಬಾಗಿಲಿಗೆ ಬದಲಾಗಿ ತಮ್ಮವರದೇ ಆದ ಒಂದು ಬಾಗಿಲು ತೆರೆಯಿತು. ಉಷವದಾತನ ಶ್ರೇಣಿಗೂ ಈ ಸಂಘಕ್ಕೂ ನಡುವೆ ಹದಿನೆಂಟು ಶತಮಾನಗಳು ಸಂದಿದ್ದರೂ ಎರಡರ ಬುದ್ಧಿ ಒಂದೇ.

ಸ್ವಾತಂತ್ರ್ಯಾನಂತರ ಈ ಸೀಮೆಯ ಮುಖ ಬದಲಾಯಿತು. 1962ರಲ್ಲಿ ಮಹಾರಾಷ್ಟ್ರ ಉದ್ಯೋಗಾಭಿವೃದ್ಧಿ ನಿಗಮ ಹುಟ್ಟಿ, ಠಾಣೆಯ ವಾಗಳೆ ಎಸ್ಟೇಟು ಅದರ ಮೊದಲ ವಸಾಹತಾಯಿತು. ಠಾಣೆ–ಬೇಲಾಪುರದ ಹಾದಿಯುದ್ದಕ್ಕೂ, ಡೊಂಬಿವಲಿಯಲ್ಲಿಯೂ ಕಾರ್ಖಾನೆಗಳೆದ್ದವು. 1970ರಲ್ಲಿ ಸಿಡ್ಕೊ ಸ್ಥಾಪಿತವಾಗಿ ಖಾರಿಯ ಆಚೆಯ ದಂಡೆಯಲ್ಲಿ ಹೊಸ ನಗರದ ನಕ್ಷೆ ಬಿತ್ತು. ಆ ಎರಡು ದಶಕಗಳಲ್ಲಿ ನಿಂತ ನೌಕರಿಯೇ ಮಧ್ಯಮವರ್ಗದ ಪರಮಾರ್ಥವಾಗಿತ್ತು. ಪ್ರಾವಿಡೆಂಟ್ ಫಂಡ್, ಗ್ರಾಚುಯಿಟಿ, ವರ್ಷಕ್ಕೊಮ್ಮೆ ಬೋನಸ್ಸು, ಡೊಂಬಿವಲಿಯಲ್ಲಿ ಒಂದು ಕೋಣೆಯ ಮನೆ. ಆದರೂ ಆ ಭದ್ರತೆಯ ಒಳಗಿನ ಬಿರುಕನ್ನು ಮುಂಬಯಿಯ ಕನ್ನಡ ಸಾಹಿತ್ಯ ಬೇಗನೆ ಗುರುತಿಸಿತು. ಸ್ವತಃ ರಾಸಾಯನಿಕ ಉದ್ಯಮದಲ್ಲಿ ದುಡಿದ ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಪ್ರಕಟವಾಯಿತು. ಅದರ ನಾಯಕ ನಾಗಪ್ಪ ದೊಡ್ಡ ಕಂಪನಿಯೊಂದರ ಅಧಿಕಾರಿ, ಇದ್ದಕ್ಕಿದ್ದಂತೆ ಅಮಾನತಿಗೊಳಗಾದವನು. ಸಂಬಳದವನ ನೆಲವೂ ಒಂದೇ ಪತ್ರದಿಂದ ಕುಸಿಯಬಲ್ಲುದೆಂಬ ಅರಿವು ಅಲ್ಲಿದೆ. ಮೂರು ವರ್ಷಗಳಾಗುವಷ್ಟರಲ್ಲಿ, 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಗೆ ಬಂದರು. ಬಹುಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಬಟ್ಟೆಯ ಕೆಲಸ ಠಾಣೆ ಜಿಲ್ಲೆಯದೇ ಆದ ಭಿವಂಡಿಯ ಪವರ್‌ಲೂಮುಗಳಲ್ಲಿ ಬೆಳೆಯಿತು. ಅಲ್ಲಿ ವ್ಯಾಪಾರಿ ನೂಲು ಕೊಡುತ್ತಾನೆ, ಮಗ್ಗದವನು ಮೀಟರಿನ ಲೆಕ್ಕದಲ್ಲಿ ನೇಯ್ದು ಕೊಡುತ್ತಾನೆ. ನೂಲು ಬಾರದ ವಾರ ಮಗ್ಗದವನದು.

ಗಣಕಯಂತ್ರವು ಈ ಸೀಮೆಗೆ ಬಂದುದು ಮುಂಬಯಿಯ ದಾರಿಯಾಗಿ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಿರ್ಮಿತವಾದ ‘ಟಿಫ್ರಾಕ್’ 1960ರಲ್ಲಿ ಕಾರ್ಯಾರಂಭ ಮಾಡಿತು. 1968ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್, ಅದರ ಹತ್ತು ವರ್ಷಗಳ ತರುವಾಯ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಹುಟ್ಟಿದವು. ನೌಕರಿ ಕಡಿಮೆಯಾದೀತೆಂದು ವಿಮೆ ಮತ್ತು ಬ್ಯಾಂಕು ನೌಕರರ ಸಂಘಗಳು ಯಂತ್ರವನ್ನು ವಿರೋಧಿಸಿದ ಕಾಲವದು. ಬ್ಯಾಂಕುಗಳಲ್ಲಿ 1983ರ ಒಪ್ಪಂದವೂ 1984ರ ರಂಗರಾಜನ್ ಸಮಿತಿಯ ವರದಿಯೂ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆದವು.

ಬಿಡಿಗುತ್ತಿಗೆಯ ಗಣಕವೃತ್ತಿಗೆ ನಿಜವಾದ ನೆಲ ಸಿಕ್ಕಿದ್ದು 1984ರ ಗಣಕನೀತಿಯ ನಂತರ, ಮೇಜಿನ ಮೇಲೆ ಕೂಡುವ ಸಣ್ಣ ಯಂತ್ರಗಳ ಬೆಲೆ ಇಳಿದಾಗ. ವಾಗಳೆ ಎಸ್ಟೇಟಿನ, ಡೊಂಬಿವಲಿಯ ಸಣ್ಣ ಕಾರ್ಖಾನೆಗಳಿಗೆ ಹಾಜರಿಪಟ್ಟಿ, ಸಂಬಳ, ದಾಸ್ತಾನು, ಅಬಕಾರಿ ಸುಂಕಗಳ ಲೆಕ್ಕ ಬೇಕಾಗಿತ್ತು. ದೊಡ್ಡ ಕಂಪನಿಗಳಿಗೆ ಈ ಪುಡಿ ಕೆಲಸದಲ್ಲಿ ಆಸಕ್ತಿಯಿರಲಿಲ್ಲ. ಡಿಬೇಸ್, ತರುವಾಯ ಫಾಕ್ಸ್‌ಪ್ರೊ ಬಲ್ಲ ತರುಣನೊಬ್ಬ ಫ್ಲಾಪಿಗಳನ್ನು ಚೀಲದಲ್ಲಿಟ್ಟುಕೊಂಡು ಲೋಕಲ್ ಗಾಡಿಯಲ್ಲಿ ಬಂದು, ಕಾರ್ಖಾನೆಯ ಅಕೌಂಟೆಂಟನ ಪಕ್ಕದಲ್ಲಿ ಕುಳಿತು, ಅವನ ಖಾತೆಪುಸ್ತಕದ ಮರ್ಜಿಯನ್ನೆಲ್ಲ ಕೇಳಿಕೊಂಡು ಪ್ರೋಗ್ರಾಮು ಬರೆದುಕೊಡುತ್ತಿದ್ದನು. ಅವನು ಮಾರುತ್ತಿದ್ದುದು ಮೇಲುನೋಟಕ್ಕೆ ತಂತ್ರಾಂಶ. ವಸ್ತುತಃ ಮಾರುತ್ತಿದ್ದುದು ಆ ಒಂದು ಕಾರ್ಖಾನೆಯ ಲೆಕ್ಕದ ಒಳಗುಟ್ಟಿನ ಪರಿಚಯ. ಆ ಕಾರಣದಿಂದಲೇ ಅವನನ್ನು ಬಿಟ್ಟುಬಿಡುವುದು ಕಾರ್ಖಾನೆಗೆ ಸುಲಭವಿರಲಿಲ್ಲ. ವರ್ಷದ ನಿಗಾವಣೆಯ ಒಪ್ಪಂದ ಅವನಿಗೆ ಸಣ್ಣದೊಂದು ಪಿಂಚಣಿಯಂತಿತ್ತು. ಈ ತಲೆಮಾರಿನ ದುಡಿಮೆಯ ಬಗ್ಗೆ ಬರೆದವರು ಕಡಿಮೆ. ದೊಡ್ಡ ಕಂಪನಿಗಳ ಚರಿತ್ರೆಗಳ ನಡುವೆ ಇವರು ಕಾಣಿಸುವುದೇ ಇಲ್ಲ, ಅದೊಂದು ನಷ್ಟ.

ಅವರ ಅನ್ನಕ್ಕೆ ಕಲ್ಲು ಬಿದ್ದುದು ಬೆಂಗಳೂರಿನಿಂದ. 1986ರಲ್ಲಿ ಅಲ್ಲಿ ಗೋಯೆಂಕಾ ತಂದೆ–ಮಗ ಆರಂಭಿಸಿದ, ಮುಂದೆ ‘ಟ್ಯಾಲಿ’ ಎಂದು ಪ್ರಸಿದ್ಧವಾದ ಸಿದ್ಧ ತಂತ್ರಾಂಶವು ಕಾಲಕ್ರಮದಲ್ಲಿ ಪ್ರತಿಯೊಂದು ಅಂಗಡಿಯ ಮೇಜನ್ನು ಸೇರಿತು. ಸಾಮಾನ್ಯ ಲೆಕ್ಕವನ್ನು ಮಾತ್ರ ಬಲ್ಲ ಬಿಡಿಗುತ್ತಿಗೆಯವನು ಹಿಂದೆ ಬಿದ್ದನು. ಬಣ್ಣದ ಕಾರ್ಖಾನೆಯ ಬ್ಯಾಚಿನ ಲೆಕ್ಕವನ್ನೋ ಔಷಧ ತಯಾರಿಕೆಯ ತಪಾಸಣೆಯ ದಾಖಲೆಯನ್ನೋ ಬಲ್ಲವನಿಗೆ ಸಿದ್ಧ ತಂತ್ರಾಂಶ ಅಷ್ಟು ಬೇಗ ಪ್ರತಿಸ್ಪರ್ಧಿಯಾಗಲಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪ್ರತಿಯೊಂದು ಲೆಕ್ಕದ ಪ್ರೋಗ್ರಾಮೂ ತಿದ್ದಲ್ಪಡಬೇಕಾಯಿತು. ಹಳೆಯ ಗಿರಾಕಿಯನ್ನು ಉಳಿಸಿಕೊಂಡಿದ್ದವನಿಗೆ ಅದು ಸುಗ್ಗಿಯ ಕಾಲ.

ಇನ್ನೊಂದು ಕವಲು ಹೊರನಾಡಿಗೆ ಹರಿಯಿತು. 1990ರ ಕಾನೂನಿನಿಂದ ಅಮೆರಿಕವು ಎಚ್-1ಬಿ ವೀಸಾವನ್ನು ರೂಪಿಸಿ ವರ್ಷಕ್ಕೆ 65,000ದ ಮಿತಿಯನ್ನಿಟ್ಟಿತು; ಶತಮಾನದ ಕೊನೆಗೆ, ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನು ತಿದ್ದುವವರು ಸಾಲದೆ ಮಿತಿಯನ್ನು 1,15,000ಕ್ಕೂ ಅನಂತರ 1,95,000ಕ್ಕೂ ಏರಿಸಲಾಯಿತು. ಜನರನ್ನು ಎತ್ತಿ ಕಳಿಸುವ ‘ಬಾಡಿ ಶಾಪ್’ ಕಂಪನಿಗಳು ಹಬ್ಬಿದವು. ಗಿರಣಿಯ ಜಾಬರನೇ ಟೈ ಕಟ್ಟಿ ಮರಳಿ ಬಂದನೆಂದರೆ ಅದು ಬರಿಯ ಹಾಸ್ಯವಲ್ಲ: ಕೆಲಸ ಕೊಡುವವನಿಗೂ ಮಾಡುವವನಿಗೂ ನಡುವೆ ನಿಂತು, ಗಂಟೆಯ ದರದಲ್ಲಿ ತನ್ನ ಪಾಲನ್ನು ಹಿಡಿದುಕೊಳ್ಳುವ ಕೆಲಸ ಅದೇ ಆಗಿತ್ತು. ಎರಡು ಕೆಲಸಗಳ ನಡುವಣ ಖಾಲಿ ಕಾಲಕ್ಕೆ ಈ ವ್ಯವಹಾರದಲ್ಲಿ ‘ಬೆಂಚು’ ಎಂಬ ಹೆಸರು ಬಂದಿತು. ಹೈದರಾಬಾದು ಮತ್ತು ಸಿಡ್ನಿಗಳಲ್ಲಿ ಈ ಪದ್ಧತಿಯನ್ನು ಕಣ್ಣಾರೆ ಕಂಡು ಅಧ್ಯಯನ ಮಾಡಿದ ಚೀನೀ ಮಾನವಶಾಸ್ತ್ರಜ್ಞ ಶಿಯಾಂಗ್ ಬಿಯಾವೊ, ಸಣ್ಣ ಏಜೆಂಟರು ಬೆಂಚಿನ ಮೇಲಿದ್ದವರಿಗೆ ಸಂಬಳವನ್ನೇ ಕೊಡದೆ, ಇಲ್ಲವೆ ಅಲ್ಪಸ್ವಲ್ಪ ಕೊಟ್ಟು, ಪೇಟೆಯ ಏರಿಳಿತವನ್ನೆಲ್ಲ ದುಡಿಯುವವರ ಮೇಲೆ ಇಳಿಸುತ್ತಿದ್ದುದನ್ನು ದಾಖಲಿಸಿದ್ದಾರೆ. 2001ರ ಇಳಿತದಲ್ಲಿ ಅನೇಕರು ಮರಳಿದರು. ಬದಲಿಗೂ ಬೆಂಚಿಗೂ ಇದ್ದ ಬಂಧುತ್ವ ಆಗ ಬಯಲಾಯಿತು.

ದೊಡ್ಡ ಕಂಪನಿಗಳು ಮಾತ್ರ ಬೆಂಚಿನವರಿಗೂ ಪೂರ್ಣ ಸಂಬಳ ಕೊಟ್ಟವು. ಅವುಗಳ ಆಕರ್ಷಣೆಯ ಗುಟ್ಟು ಇದೇ. 1992ರ ಮೇ ತಿಂಗಳಲ್ಲಿ ರೈಲು ಖಾರಿಯನ್ನು ದಾಟಿ ವಾಶಿಗೆ ಬಂದಿತು. ಆ ನಿಲ್ದಾಣದ ಮೇಲೆಯೇ ಸಿಡ್ಕೊ ಇನ್ಫೋಟೆಕ್ ಪಾರ್ಕನ್ನು ಕಟ್ಟಿತು. ಮಹಾಪೆ, ಐರೋಲಿ, ಘಣಸೋಲಿಗಳಲ್ಲಿ ಗಾಜಿನ ಕಟ್ಟಡಗಳು ಎದ್ದವು. 2004ರಲ್ಲಿ ಠಾಣೆ–ವಾಶಿ ಮಾರ್ಗ ತೆರೆದ ಮೇಲೆ ಕಲ್ಯಾಣ–ಡೊಂಬಿವಲಿಯ ತರುಣ ತರುಣಿಯರು ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಇಳಿಯತೊಡಗಿದರು. ಆದರೆ ಆ ಗಾಜಿನ ಮೇಲಿನ ಹೆಸರುಗಳು ಸ್ಥಿರವಾಗಿ ನಿಲ್ಲಲಿಲ್ಲ: ಪಟ್ನಿಯನ್ನು 2011ರಲ್ಲಿ ಐಗೇಟ್ ಕೊಂಡಿತು, ಐಗೇಟನ್ನು 2015ರಲ್ಲಿ ಕ್ಯಾಪ್‌ಜೆಮಿನಿ ಕೊಂಡಿತು, ಸಿಂಟೆಲ್ 2018ರಲ್ಲಿ ಅಟೋಸ್‌ನ ಪಾಲಾಯಿತು.

ಮನೆಯಲ್ಲಿಯೇ ಕುಳಿತು ದೂರದೇಶದ ಗಿರಾಕಿಗೆ ದುಡಿಯುವ ಇಂದಿನ ಬಿಡಿಗುತ್ತಿಗೆ ಈ ಎಲ್ಲದರ ಮೇಲೆ ಬೆಳೆದುದು. 1999ರ ಈಲಾನ್ಸ್ ಮತ್ತು 2003ರ ಓಡೆಸ್ಕ್ ಎಂಬ ಎರಡು ಜಾಲತಾಣಗಳು ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರನ್ನು ತಾಳಿದವು. ಇಲ್ಲಿಯೂ ನಡುವಿನವನ ದಸ್ತೂರಿ ಉಂಟು. ವ್ಯತ್ಯಾಸವೆಂದರೆ ಈ ಮುಕಾದಮನಿಗೆ ಮುಖವಿಲ್ಲ, ಅವನ ಮರ್ಜಿ ನಕ್ಷತ್ರಗಳ ಲೆಕ್ಕದಲ್ಲಿ ಬರುತ್ತದೆ. 2020ರ ಮಾರ್ಚಿಯಲ್ಲಿ ಲೋಕಲ್ ಗಾಡಿಗಳು ನಿಂತಾಗ ಕಂಪನಿಗಳೇ ಮನೆಯಿಂದ ಕೆಲಸ ಮಾಡಿಸಿದವು. ದೂರದಿಂದ ಮಾಡಿದ ಕೆಲಸವೂ ಕೆಲಸವೇ ಎಂಬುದು ಗಿರಾಕಿಗಳಿಗೂ ಮನವರಿಕೆಯಾಯಿತು. ಸರಕಾರವೂ ಈ ವೃತ್ತಿಯನ್ನು ಒಂದು ಮಟ್ಟಿಗೆ ಗುರುತಿಸಿದೆ. 2016ರ ಹಣಕಾಸು ಕಾಯಿದೆ ಆದಾಯ ತೆರಿಗೆಯಲ್ಲಿ ಸೇರಿಸಿದ 44ಎಡಿಎ ಕಲಮಿನ ಪ್ರಕಾರ ವೃತ್ತಿಪರನು ತನ್ನ ಒಟ್ಟು ವರಮಾನದ ಅರ್ಧವನ್ನೇ ಲಾಭವೆಂದು ತೋರಿಸಬಹುದಾಯಿತು. ಮೊದಲು 50 ಲಕ್ಷವಿದ್ದ ಮಿತಿಯನ್ನು, ನಗದು ವ್ಯವಹಾರ ಅತ್ಯಲ್ಪವಾಗಿದ್ದವರಿಗೆ, 2023ರಲ್ಲಿ 75 ಲಕ್ಷಕ್ಕೆ ಏರಿಸಲಾಯಿತು.

ಹಾಗಾದರೆ ಲಾಭವೆಷ್ಟು? ಒಂದು ಕಲ್ಪಿತ ಲೆಕ್ಕವನ್ನು ಹಾಕಬಹುದು. ತಿಂಗಳಿಗೆ ಒಂದು ಲಕ್ಷ ಸಂಬಳ, ಅದರಲ್ಲಿ ಮೂಲವೇತನ 50,000 ಎನ್ನೋಣ. ಕಂಪನಿಯು ಪ್ರಾವಿಡೆಂಟ್ ಫಂಡಿಗೆ ನೂರಕ್ಕೆ ಹನ್ನೆರಡರಂತೆ ಸೇರಿಸಿದರೆ ವರ್ಷಕ್ಕೆ 72,000. ಗ್ರಾಚುಯಿಟಿಯ ಪಾಲು ಸುಮಾರು 29,000. ಎಲ್ಲ ಸೇರಿ ಸುಮಾರು 13 ಲಕ್ಷ. ಬಿಡಿಗುತ್ತಿಗೆಯವನಿಗೆ ವರ್ಷದಲ್ಲಿ ಒಂಬತ್ತು ತಿಂಗಳ ಕೆಲಸ ಸಿಕ್ಕಿತೆಂದು ಹಿಡಿದರೆ, ಅಷ್ಟೇ ಗಳಿಸಲು ಅವನ ತಿಂಗಳ ಬಿಲ್ಲು 1,44,000 ರೂಪಾಯಿ ಮುಟ್ಟಬೇಕು. ಕಂಪ್ಯೂಟರು, ಕುಟುಂಬದ ಆಸ್ಪತ್ರೆಯ ವಿಮೆ, ಲೆಕ್ಕಪರಿಶೋಧಕನ ಫೀಜು ಸೇರಿದರೆ ಸಂಬಳದ ಒಂದೂವರೆ ಪಟ್ಟನ್ನೂ ದಾಟುತ್ತದೆ. ನೆರೆಮನೆಯವರು ‘ಅವನಿಗೆ ತಿಂಗಳಿಗೆ ಒಂದೂಕಾಲು ಲಕ್ಷ ಬರುತ್ತದಂತೆ’ ಎಂದು ಬೆರಗಾಗುವಾಗ ಆತ ನಿಜವಾಗಿ ನಷ್ಟದಲ್ಲಿರುವ ಸಂಭವವುಂಟು. ಗೃಹಸಾಲಕ್ಕೆ ಹೋದರೆ ಸಂಬಳದವನಿಂದ ಕೆಲವು ತಿಂಗಳ ಚೀಟಿಯನ್ನೂ ಇವನಿಂದ ವರ್ಷಗಳ ತೆರಿಗೆಯ ಕಾಗದಗಳನ್ನೂ ಕೇಳುತ್ತಾರೆ.

ಇಷ್ಟರಿಂದ ಸಂಬಳವೇ ಮೇಲೆಂದು ತೀರ್ಮಾನಿಸಲು ಹೋದರೆ ಈಚಿನ ಘಟನೆಗಳು ಅಡ್ಡ ಬರುತ್ತವೆ. 2025ರ ಜೂನಿನಲ್ಲಿ ಟಾಟಾ ಕನ್ಸಲ್ಟೆನ್ಸಿಯು ನೌಕರರು ವರ್ಷದಲ್ಲಿ 225 ದಿನ ಗಿರಾಕಿಯ ಕೆಲಸದಲ್ಲಿರಬೇಕು, ಬೆಂಚಿನ ಮೇಲಿನ ಕಾಲ 35 ದಿನಗಳನ್ನು ಮೀರಬಾರದು ಎಂಬ ನಿಯಮವನ್ನು ತಂದಿತು. ಮರುತಿಂಗಳು ತನ್ನ ನೌಕರರಲ್ಲಿ ನೂರಕ್ಕೆ ಇಬ್ಬರನ್ನು, ಅಂದರೆ 12,000ಕ್ಕೂ ಮಿಕ್ಕಿದವರನ್ನು, ಕಡಿಮೆಮಾಡುವುದಾಗಿ ಪ್ರಕಟಿಸಿತು. ಬೆಂಚಿನ ಭಾರವನ್ನು ತಾನು ಎಷ್ಟು ದಿನ ಹೊರುವೆನೆಂದು ಉದ್ಯಮವು ಅಂಕಿಯಲ್ಲಿ ಬರೆದು ಹೇಳಿದಂತಾಯಿತು. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕವು ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರಿನ ಶುಲ್ಕವನ್ನು ಘೋಷಿಸಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದ ಮೇಲೆ, ಸಣ್ಣ ಪ್ರೋಗ್ರಾಮು ಬರೆಯುವ ಕೆಲಸವನ್ನು ಯಂತ್ರವೇ ಮಾಡತೊಡಗಿದೆ. ಟ್ಯಾಲಿ ಬಂದಾಗ ನಡೆದುದೇ ಇನ್ನೂ ವೇಗವಾಗಿ ನಡೆಯುತ್ತಿದೆ: ಎಲ್ಲರಿಗೂ ಗೊತ್ತಿರುವುದನ್ನು ಮಾತ್ರ ಬಲ್ಲವನ ಗಂಟೆಯ ದರ ಇಳಿಯುತ್ತದೆ. ಕಾಲೇಜಿನಿಂದ ನೇರವಾಗಿ ಬಿಡಿಗುತ್ತಿಗೆಗೆ ಇಳಿಯುವವನಿಗೆ ಇಂದಿನ ಕಾಲ ಅನುಕೂಲವಾಗಿಲ್ಲವೆಂದು ಸ್ಪಷ್ಟವಾಗಿಯೇ ಹೇಳಬೇಕು. ಅವನು ಗಿರಣಿಯ ಬಾಗಿಲ ಬದಲಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ಒಂದು ಉದ್ಯಮದೊಳಗೆ, ಅದು ಬಂದರಿನ ಸಾಗಾಟವಿರಲಿ, ಸಹಕಾರಿ ಬ್ಯಾಂಕಿರಲಿ, ಔಷಧ ಕಾರ್ಖಾನೆಯಿರಲಿ, ಎಂಟು ಹತ್ತು ವರ್ಷ ದುಡಿದು ಅದರ ಒಳಗುಟ್ಟನ್ನು ಬಲ್ಲವನಿಗೆ, ಆರು ತಿಂಗಳ ಅನ್ನವನ್ನು ಕೂಡಿಟ್ಟವನಿಗೆ, ಒಬ್ಬನೇ ಗಿರಾಕಿಯನ್ನು ನೆಚ್ಚಿ ಕೂಡದವನಿಗೆ ಈ ದಾರಿ ಇಂದಿಗೂ ಮುಚ್ಚಿಲ್ಲ. ವಾಗಳೆ ಎಸ್ಟೇಟಿನ ಫ್ಲಾಪಿಯ ಕಾಲದಲ್ಲಿ ಉಳಿದವರೂ ಇಂಥವರೇ.

ಆರು ತಿಂಗಳ ಅನ್ನವನ್ನು ಒಬ್ಬೊಬ್ಬನೇ ಕೂಡಿಡಬೇಕೆಂಬುದೇ ಇಂದಿನ ಸ್ಥಿತಿಯ ದೊಡ್ಡ ಕೊರತೆ. ಗುಮಾಸ್ತರಿಗೆ ತಲ್ಮಕಿಯವರ ಪತ್ತಿನ ಸಂಘವಿತ್ತು; ಹೋಟೆಲಿನ ಹುಡುಗರಿಗೆ ಮುಂಬಯಿಯ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸಿದರು; ಆ ಶಾಲೆಗಳಲ್ಲಿ ಕಲಿತವರ ಮಕ್ಕಳು, ಮೊಮ್ಮಕ್ಕಳು ಈಗ ಐರೋಲಿಯ ಗಾಜಿನ ಮನೆಗಳಲ್ಲಿಯೂ ಡೊಂಬಿವಲಿಯ ಮಲಗುವ ಕೋಣೆಯ ಮೇಜಿನ ಮುಂದೆಯೂ ಕುಳಿತಿದ್ದಾರೆ. ಅವರಿಗೆ ಸರಿಹೊಂದುವ ಶ್ರೇಣಿ ಇನ್ನೂ ಕಟ್ಟಲ್ಪಟ್ಟಿಲ್ಲ. ನೀತಿ ಆಯೋಗದ 2022ರ ವರದಿಯು 2020–21ರಲ್ಲಿ ದೇಶದ ಬಿಡಿಗೆಲಸದವರ ಸಂಖ್ಯೆಯನ್ನು 77 ಲಕ್ಷವೆಂದೂ 2029–30ಕ್ಕೆ ಅದು 2.35 ಕೋಟಿಯಾದೀತೆಂದೂ ಅಂದಾಜು ಮಾಡಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ‘ಗಿಗ್’ ಕೆಲಸದವನನ್ನು ಮಾಲೀಕ–ನೌಕರ ಸಂಬಂಧದ ಹೊರಗೆ ದುಡಿಯುವವನೆಂದು ಮೊದಲ ಬಾರಿಗೆ ಕಾನೂನಿನಲ್ಲಿ ಹೆಸರಿಸಿತು. ಅವರ ಹಿತಕ್ಕಾಗಿ ನಡುವಿನ ಕಂಪನಿಗಳು ತಮ್ಮ ವಾರ್ಷಿಕ ವಹಿವಾಟಿನ ನೂರಕ್ಕೆ ಒಂದರಿಂದ ಎರಡರವರೆಗೆ ವಂತಿಗೆ ಸಲ್ಲಿಸಬೇಕೆಂಬ ವಿಧಿಯೂ ಅದರಲ್ಲಿದೆ. ಊಟ ತಲುಪಿಸುವ, ಬಾಡಿಗೆ ಕಾರು ಓಡಿಸುವ ತರುಣನಿಗೆ ಅಂಥ ನಡುವಿನ ಕಂಪನಿಯೊಂದಿದೆ. ಡೊಂಬಿವಲಿಯಲ್ಲಿ ಕುಳಿತು ಜರ್ಮನಿಯದೋ ಅಮೆರಿಕದ್ದೋ ಆದ ಗಿರಾಕಿಗೆ ನೇರವಾಗಿ ಬಿಲ್ಲು ಕಳಿಸುವವನಿಗೆ ನಡುವೆ ಯಾರೂ ಇಲ್ಲ. ಅವನ ಹೆಸರಿನಲ್ಲಿ ಆ ವಂತಿಗೆಯನ್ನು ಕಟ್ಟಬೇಕಾದವರೂ ಇಲ್ಲ.